ನೋವಿಲ್ಲದ ಹೊಟ್ಟೆ

ಬಸ್ಸಿನಲ್ಲಿ ಎರಡು ಸೀಟುಗಳ ನಡುವೆ ಕಂಡಕ್ಟರನ ಹೊಟ್ಟೆ ಸಿಕ್ಕಿಕೊಂಡಿತು. ತಾಪತ್ರಯ ಶುರುವಾದದ್ದೇ ಅಲ್ಲಿಂದ. ಮುಂದಿನವರು ಹಿಂದೆ ಬರಲಾರರು, ಹಿಂದಿನವರು ಮುಂದೆ ಹೋಗಲಾರರು. ನಡುವೆ ಇವನು, ಬಾಟಲಿಗೆ ಬಡಿದ ಬಿರಡೆಯ ಹಾಗೆ. ಡಿಪೋ ಸಾಹೇಬರು ಕರೆಸಿ, "ಈ ತಿಂಗಳೊಳಗೆ ಹೊಟ್ಟೆ ಕರಗಿಸು. ಇಲ್ಲಾಂದ್ರೆ ಗೇಟಲ್ಲಿ ಸ್ಟೂಲ್ ಮೇಲೆ ಕೂತು ಬಸ್ ಎಣಿಸು," ಎಂದರು. ಹದಿನೆಂಟು ವರ್ಷ ಬಸ್ಸಿನಲ್ಲಿ ಓಡಾಡಿದವನಿಗೆ ಗೇಟಿನ ಸ್ಟೂಲೆಂದರೆ ಜೀವ ಹೋದ ಹಾಗೆ. ಹತ್ತು ದಿನ ರಜೆ ಹಾಕಿ, ಜಠರವನ್ನೇ ಚಿಕ್ಕದು ಮಾಡುವ ಆಪರೇಷನ್ನಿಗೆ ಒಪ್ಪಿಕೊಂಡ.

ಹೆದರಿಕೆಯೆಲ್ಲ ನೋವಿನದು. ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರು ಧೈರ್ಯ ಹೇಳಿದರು. "ನಿದ್ದೆ ಬಂದ್ಮೇಲೆ ಹೊಟ್ಟೆಯ ಎರಡೂ ಪಕ್ಕ ಇಂಜೆಕ್ಷನ್ ಕೊಟ್ಟು ನರಗಳನ್ನೂ ಮಲಗಿಸಿಬಿಡ್ತೀನಿ. ನಾಳೆವರೆಗೂ ಹೊಟ್ಟೆ ನಿಮ್ಮದಾ, ಪಕ್ಕದವರದಾ ಅಂತ ಗೊತ್ತಾಗಲ್ಲ."

ಎಚ್ಚರವಾದಾಗ ಅವನು ವಾರ್ಡಿನಲ್ಲಿದ್ದ. ಹೊಟ್ಟೆಯ ಎರಡೂ ಪಕ್ಕ ಪುಟ್ಟ ಪ್ಲಾಸ್ಟರು. ಒತ್ತಿದ, ಚಿವುಟಿದ, ಹತ್ತಿಯ ಮೂಟೆ ಚಿವುಟಿದಂತಾಯಿತು. ಪಕ್ಕದ ಮಂಚದಲ್ಲಿ ಅದೇ ಆಪರೇಷನ್ನಿಗೆ ಬಂದಿದ್ದ ದರ್ಜಿಯೊಬ್ಬ ನರಳುತ್ತಿದ್ದ. "ಸಾಕು ನಾಟಕ," ಎಂದು ಅವನ ಹೆಂಡತಿ ಗದರುತ್ತಿದ್ದಳು. ಕಂಡಕ್ಟರನಿಗೆ ಪಾಪ ಎನಿಸಿತು, ಒಳಗೊಳಗೇ ಹೆಮ್ಮೆಯೂ ಆಯಿತು.

"ನನ್ನ ನೋಡಿ, ಏನೂ ಇಲ್ಲ," ಎನ್ನುತ್ತ ಮಂಚದಿಂದ ಧುಮುಕಿದ.

"ನಿಧಾನ ಕಣ್ರೀ, ಹೊಲಿಗೆ ಬಿಟ್ಟೀತು," ಎಂದಳು ಕಂಡಕ್ಟರನ ಹೆಂಡತಿ.

"ಬಿಟ್ಟರೂ ಗೊತ್ತಾಗಲ್ಲ, ಬಿಡೇ."

ಇಂಜೆಕ್ಷನ್ ಕೊಟ್ಟು, ಉಳಿದದ್ದನ್ನು ಸಹಾಯಕರಿಗೆ ಒಪ್ಪಿಸಿ ಇನ್ನೊಂದು ಥಿಯೇಟರಿಗೆ ಓಡಿದ್ದ ಅರಿವಳಿಕೆ ಡಾಕ್ಟರು ಮಧ್ಯಾಹ್ನ ಬಂದು ನೋಡಿ ಉಬ್ಬಿಹೋದರು. ವಿದ್ಯಾರ್ಥಿಗಳ ಹಿಂಡನ್ನೇ ಕರೆತಂದು ಒಬ್ಬೊಬ್ಬರಿಂದಲೂ ಹೊಟ್ಟೆ ತಟ್ಟಿಸಿದರು. ಕಂಡಕ್ಟರನೂ ಹುರುಪಿನಲ್ಲಿ ಮೆಟ್ಟಿಲು ಹತ್ತಿಳಿದ, ನೀರಿನ ಕ್ಯಾನು ಹೆಗಲಿಗೇರಿಸಿದ. ವಾರ್ಡಿನವರೆಲ್ಲ ತಮಗೂ ಅದೇ ಇಂಜೆಕ್ಷನ್ ಬೇಕೆಂದು ನರ್ಸಮ್ಮನನ್ನು ಮುತ್ತಿಕೊಂಡರು.

ಅದೇ ಹೊತ್ತಿಗೆ ಡಿಪೋ ಸಾಹೇಬರು ಯೋಗಕ್ಷೇಮ ವಿಚಾರಿಸಲು ಬರಬೇಕೇ?

"ನೋವು ಹೇಗಿದೆ?"

"ಒಂಚೂರೂ ಇಲ್ಲ ಸಾರ್."

"ಹಾಗಾದ್ರೆ ಹತ್ತು ದಿನ ರಜೆ ಯಾಕೆ? ನಾಳೆ ಬೆಳಗ್ಗೆ ಆರರ ಬಸ್ಸಿಗೆ ಬಾ."

ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಅವನಿಗೆ ಆಗ ಹೊಳೆಯಿತು. ಒಂದು ಕೈಯಲ್ಲಿ ಹೊಟ್ಟೆ ಹಿಡಿದು, "ಈಗ ತಾನೇ ಶುರುವಾಯ್ತು ಸಾರ್," ಎಂದು ನರಳಿದ.

"ಮೊದಲು ಕ್ಯಾನ್ ಕೆಳಗಿಡು, ಆಮೇಲೆ ನರಳು. ರಜೆ ಬೇಕಿದ್ರೆ ಡಾಕ್ಟರ ಕೈಲಿ ಬರೆಸ್ಕೊಂಡು ಬಾ."

ಕಂಡಕ್ಟರ್ ಸರ್ಜನರ ಕೋಣೆಗೆ ಓಡಿದ. ಸಾಹೇಬರೂ ಬೆನ್ನು ಹತ್ತಿದರು.

"ಆಪರೇಷನ್ ಆದವರಿಗೆ ಹತ್ತು ದಿನ ವಿಶ್ರಾಂತಿ ಬೇಕು ಅಂತ ಒಂದು ಚೀಟಿ ಬರ್ದುಕೊಡಿ ಡಾಕ್ಟ್ರೇ."

ಸರ್ಜನ್ ಫೈಲು ತಿರುವಿದರು. "ಆದವರಿಗೆ ಬರ್ಕೊಡಬಹುದು. ನಿಮಗೆಲ್ಲಿ ಆಯ್ತು? ಇಂಜೆಕ್ಷನ್ ಕೊಟ್ಟು ಮುಗಿಸೋ ಹೊತ್ತಿಗೆ ನಿಮ್ಮ ಥಿಯೇಟರಿನಲ್ಲಿ ಹೊಟ್ಟೆಯೊಳಗೆ ಬಿಟ್ಟು ನೋಡೋ ಕ್ಯಾಮೆರಾ ಕೆಟ್ಟುಹೋಯ್ತು. ನಾವು ಚಾಕು ಮುಟ್ಟೇ ಇಲ್ಲ. ಮನೆಯವರಿಗೆ ಹೇಳಿ ಕಳಿಸಿದ್ವಲ್ಲ."

ಹೇಳಿ ಕಳಿಸಿದ್ದೇನೋ ನಿಜ. ಆದರೆ ಕಿರಿಯ ಡಾಕ್ಟರು ಹೇಳಿದ್ದು ದರ್ಜಿಯ ಹೆಂಡತಿಗೆ. ಪಾಪ, ಆ ದರ್ಜಿ ಕೊಯ್ಸಿಕೊಂಡದ್ದೂ ಅಲ್ಲದೆ ದಿನವಿಡೀ ಬೈಸಿಕೊಂಡಿದ್ದ.

"ಕ್ಯಾಮೆರಾ ರಿಪೇರಿಗೆ ಎರಡು ತಿಂಗಳಾಗುತ್ತೆ," ಎಂದರು ಸರ್ಜನ್.

ಕಂಡಕ್ಟರ್ ಡಿಪೋ ಸಾಹೇಬರ ಕೈ ಹಿಡಿದುಕೊಂಡ. ಆಪರೇಷನ್ನಿಗೆಂದು ಹದಿನೈದು ದಿನ ಬರೀ ನೀರು, ಗಂಜಿಯಲ್ಲೇ ಕಳೆದಿದ್ದೇನೆ, ಹೊಟ್ಟೆ ಒಂದಿಷ್ಟು ಇಳಿದಿದೆ ಎಂದು ಗೋಗರೆದ. ಸಾಹೇಬರ ಮನಸ್ಸು ಕರಗಿತು. "ಸರಿ, ನಾಳೆ ನಾನೇ ಬಸ್ಸಲ್ಲಿ ನಿಂತು ನೋಡ್ತೀನಿ. ಎಲ್ಲೂ ಸಿಕ್ಕಿಕೊಳ್ಳದೆ ಹಿಂದಿನ ಬಾಗಿಲು ತಲುಪಿದ್ರೆ ಕೆಲಸ ನಿನ್ನದೇ."

ಮರುದಿನ ಆರಕ್ಕೆ ಸಾಹೇಬರು ಹಿಂದಿನ ಬಾಗಿಲಲ್ಲಿ ನಿಂತರು. ಕಂಡಕ್ಟರ್ ಉಸಿರು ಬಿಗಿಹಿಡಿದು ಮುಂದಿನಿಂದ ಹೊರಟ. ಹೊಟ್ಟೆಗೆ ಯಾವ ಸೀಟೂ ತಾಗಿದಂತಾಗಲಿಲ್ಲ, ಒತ್ತಿದಂತಾಗಲಿಲ್ಲ. ಗೆದ್ದೆ ಎಂದುಕೊಂಡು "ಟಿಕೆಟ್, ಟಿಕೆಟ್" ಎನ್ನುತ್ತ ಹುರುಪಿನಿಂದ ಹೆಜ್ಜೆ ಹಾಕಿದ. ಹಾಕುತ್ತಲೇ ಇದ್ದ.

ಪಕ್ಕದ ಸೀಟಿನ ಅಜ್ಜಿ ಅವನ ತೋಳು ತಟ್ಟಿದಳು. "ಆಗಿನಿಂದ ನನ್ನ ಮುಂದೆಯೇ ನಡೀತಿದ್ದೀಯಲ್ಲಪ್ಪ."