ನನ್ನ ನಾದಿನಿಯ ಮೊಣಕಾಲು ನಕ್ಷೆ

ಇಡೀ ಬೆಂಗಳೂರಿನಲ್ಲಿ ಸಮುದ್ರದ ಉಬ್ಬರವಿಳಿತದ ವೇಳಾಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿರುವ ಮನೆ ಒಂದೇ ಇರಬೇಕು. ಅದು ಹಲಸೂರಿನಲ್ಲಿರುವ ನಮ್ಮದು. ಅಂಟಿಸಿದವಳು ನನ್ನ ನಾದಿನಿ. ಬೆಳಿಗ್ಗೆ ನಾನು ಇಡ್ಲಿ ತಟ್ಟೆಗೆ ಹಿಟ್ಟು ಹುಯ್ಯುತ್ತಿದ್ದರೆ ಅವಳು ಕನ್ನಡಕ ಏರಿಸಿ, "ಮಂಗಳೂರಲ್ಲಿ ಈಗ ನೀರು ಏರ್ತಾ ಇದೆ ಅತ್ತಿಗೆ" ಎನ್ನುತ್ತಾಳೆ. ಏರಲಿ. ನಮ್ಮ ನಲ್ಲಿಯಲ್ಲಿ ಒಂದಿಷ್ಟು ಬಂದರೆ ನನಗೆ ಸಾಕು.

ಅವಳು ಇಲ್ಲಿಯ ಒಂದು ಯೂನಿವರ್ಸಿಟಿಯಲ್ಲಿ ಮೂವತ್ತು ವರ್ಷ ಪ್ಲಾನಿಂಗ್ ಪ್ರೊಫೆಸರ್ ಆಗಿದ್ದಳು. ಊರು ಹೇಗೆ ಬೆಳೆಯಬೇಕು ಎಂಬುದನ್ನು ಕಲಿಸಿದಳು, ಸರಿ. ಅದರ ಜೊತೆಗೆ ಕಡಲತೀರದಲ್ಲಿ ಬಂದರು ಎಲ್ಲಿರಬೇಕು, ದೋಣಿ ಎಲ್ಲಿ ನಿಲ್ಲಬೇಕು, ಮೀನು ಒಣಗಿಸುವ ಜಾಗ ಯಾರ ಪಾಲಿಗೆ ಉಳಿಯಬೇಕು ಎಂಬುದನ್ನೂ ಕಲಿಸಿದಳು. ಅದೂ ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲೆ ಕೂತು! ಯಾರಾದರೂ ನಕ್ಕರೆ ಅವಳ ಉತ್ತರ ಸಿದ್ಧವಿರುತ್ತಿತ್ತು: "ಹೊಟ್ಟೆ ಡಾಕ್ಟರು ಹೊಟ್ಟೆಯೊಳಗೇ ಕ್ಲಿನಿಕ್ ಇಡ್ಬೇಕಾ?" ನನಗೋ, ಕಾನ್ವೆಂಟಿನಲ್ಲಿ ಸಮುದ್ರಕ್ಕೆ ನೀಲಿ ಕ್ರೇಯಾನ್ ತುಂಬಿ ಸಿಸ್ಟರ್ ಕೈಯಲ್ಲಿ "ವೆರಿ ನೀಟ್" ಎನಿಸಿಕೊಂಡದ್ದಷ್ಟೇ ಅದರೊಂದಿಗಿದ್ದ ಸಂಬಂಧ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವಳು ನನ್ನ ಜೊತೆಗಿರಲು ಬಂದಳು. ಬಟ್ಟೆ ಒಂದು ಸೂಟ್‌ಕೇಸು, ನಕ್ಷೆ ಒಂಬತ್ತು ಟ್ರಂಕು. ಒಂದೇ ವಾರದಲ್ಲಿ ನನ್ನ ರೇಷ್ಮೆ ಸೀರೆಗಳೆಲ್ಲ ಬೀರುವಿನಿಂದ ಹೊರಬಿದ್ದು, ಆ ಜಾಗದಲ್ಲಿ ಕಾರವಾರದ ತೀರ ಮಡಚಿಕೊಂಡು ಮಲಗಿತು.

ಅವಳ ಜೊತೆ ಶಿವಾಜಿನಗರಕ್ಕೆ ಮೀನು ತರಲು ಹೋಗುವುದಿದೆಯಲ್ಲ, ಅದು ನನ್ನ ವೈರಿಗೂ ಬೇಡ. ಬಂಗುಡೆಯ ಕಿವಿರು ನೋಡುವುದನ್ನು ಬಿಟ್ಟು, ಈ ದೋಣಿ ಯಾವ ಬಂದರಿಗೆ ಬಂತು, ಬಲೆಯ ಕಣ್ಣು ಎಷ್ಟಗಲ, ಇಷ್ಟು ಚಿಕ್ಕದನ್ನು ಯಾಕೆ ಹಿಡಿದರು ಎಂದು ವಿಚಾರಣೆಗೆ ನಿಲ್ಲುತ್ತಾಳೆ. ಅಂಗಡಿಯ ಸಾಹೇಬರು ಬಹಳ ಹೊತ್ತು ಸಹಿಸಿಕೊಂಡು ಒಂದು ದಿನ ಕೇಳಿಯೇಬಿಟ್ಟರು: "ಮೇಡಂ, ಮೀನು ತಗೊಳ್ತೀರಾ, ಇಲ್ಲಾ ಅದನ್ನ ಸೊಸೆ ಮಾಡ್ಕೊಳ್ತೀರಾ?" ಆ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಬೇಳೆ ಸಾರು.

ರಿಟೈರ್ ಆದ ಮೇಲೂ ಶನಿವಾರ ಶನಿವಾರ ಸ್ಟೂಡೆಂಟ್ಸ್ ನಮ್ಮ ವರಾಂಡಕ್ಕೆ ಬರುತ್ತಾರೆ. ಅವಳ ಹತ್ತಿರ ನಕ್ಷೆ ಇದೆ, ನನ್ನ ಹತ್ತಿರ ಕಾಫಿ ಇದೆ. ಯಾವುದಕ್ಕೆ ಬರುತ್ತಾರೆಂದು ನಾನು ಕೇಳಲು ಹೋಗಿಲ್ಲ. ಅವಳದು ಒಂದು ಕಾನೂನು: ಚಪ್ಪಲಿ ಒದ್ದೆಯಾಗದೆ ಪೆನ್ಸಿಲ್ ಮುಟ್ಟುವಂತಿಲ್ಲ. ಮಳೆಗಾಲದಲ್ಲಿ ಎಲ್ಲಿಯವರೆಗೆ ನೀರು ಬಂದಿತ್ತು ಎಂದು ಮನೆಯ ಮಾಲೀಕನನ್ನು ಕೇಳಬಾರದು, ಆ ಮನೆಯಲ್ಲಿ ನೆಲ ಒರೆಸುವವರನ್ನು ಕೇಳಬೇಕು. ಅವರು ಅಡಿ, ಇಂಚು ಹೇಳುವುದಿಲ್ಲ. ಕಾಲುಂಗುರ, ಮೊಣಕಾಲು, ಸೊಂಟ ಎನ್ನುತ್ತಾರೆ. ಹಾಗೆಯೇ ಬರೆದುಕೊಳ್ಳಬೇಕು. ಇದನ್ನು ಅವಳು ಕಡಲತೀರದ ಮೀನುಗಾರ ಹೆಂಗಸರಿಂದ ಕಲಿತು ಬಂದಿದ್ದಳು.

"ಗೂಗಲ್‌ನಲ್ಲಿ ಎಲ್ಲಾ ಇದೆಯಲ್ಲ ಮ್ಯಾಮ್" ಎಂದಿತು ಒಂದು ಹುಡುಗಿ.

"ಗೂಗಲ್ಲು ನೆಲ ಒರೆಸುತ್ತೇನಮ್ಮಾ?"

ಹೋದ ವರ್ಷ ಈ ಕಾನೂನಿಗೆ ನಿಜವಾದ ಪರೀಕ್ಷೆ ಬಂತು. ನನ್ನ ರವಿಕೆಗಳನ್ನು ಹೊಲಿಯುವ ಸೆಲ್ವಿಯ ಮನೆ ಮರ್ಫಿ ಟೌನಿನ ಒಂದು ಓಣಿಯಲ್ಲಿದೆ. ಮಳೆಗಾಲದಲ್ಲಿ ಅವಳ ಹೊಲಿಗೆ ಮೆಷಿನ್ನು ನಾಲ್ಕು ಇಟ್ಟಿಗೆ ಹತ್ತಿ ನಿಲ್ಲುತ್ತದೆ. ಈಗ ಕಾರ್ಪೊರೇಷನ್ನಿನವರು ಓಣಿಯ ತುದಿಯ ರಸ್ತೆಯನ್ನು ಎರಡು ಅಡಿ ಎತ್ತರಿಸುತ್ತಾರೆ ಎಂಬ ಪ್ಲಾನ್ ಬಂದಿತ್ತು. ಎತ್ತರಿಸಿದರೆ ರಸ್ತೆಯ ನೀರೆಲ್ಲ ಅವಳ ಹೊಸ್ತಿಲಿಗೆ.

"ಮೆಷಿನ್ ಮಾರಿ ಕೆ.ಆರ್. ಪುರಂನಲ್ಲಿ ತಂಗಿ ಮನೆ ಸೇರ್ಕೋತೀನಮ್ಮಾ" ಎಂದಳು ಸೆಲ್ವಿ, ನನ್ನ ತೋಳಿನ ಅಳತೆ ತೆಗೆಯುತ್ತಲೇ. "ಅಲ್ಲಿ ಯಾರು ನನಗೆ ಬಟ್ಟೆ ಕೊಡ್ತಾರೆ? ಗಿರಾಕಿಗಳೆಲ್ಲಾ ಇಲ್ಲೇ ತಾನೇ?"

ಆಕ್ಷೇಪಣೆ ಹೇಳಲು ಒಂದು ಹಿಯರಿಂಗ್ ಇಟ್ಟಿದ್ದರು. ನಾದಿನಿ ಆರು ಸ್ಟೂಡೆಂಟ್ಸನ್ನು ಓಣಿಗೆ ಇಳಿಸಿದಳು. ಮಕ್ಕಳು ಪಾಪ, ಮನೆ ಮನೆ ತಿರುಗಿ, ಹೆಂಗಸರನ್ನು ಮಾತಾಡಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನಕ್ಷೆ ಮಾಡಿಕೊಂಡು ಬಂದವು. ನೋಡಿದರೆ, ನಕ್ಷೆಯಲ್ಲಿ ಮಳೆನೀರು ಸೆಲ್ವಿಯ ಮನೆಯಿಂದ ಹೊರಟು, ದಿಬ್ಬ ಹತ್ತಿ, ಮೇನ್ ರೋಡಿಗೆ ಹೋಗುತ್ತಿದೆ!

ನಾದಿನಿ ಅರ್ಧ ಗಂಟೆ ನಕ್ಷೆ ನೋಡಿದಳು. ಆಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿದಳು. ತಪ್ಪು ಸಿಕ್ಕಿತು. ಹೆಂಗಸರು "ಮೊಣಕಾಲಷ್ಟು" ಎಂದಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಮೊಣಕಾಲಿನ ಪಕ್ಕ ಗೆರೆ ಎಳೆದಿದ್ದರು. ಮೇನ್ ರೋಡಿನ ಕಡೆ ಹೋದದ್ದು ಒಂದು ಪುಟ್ಟ ಹುಡುಗಿ. ಸೆಲ್ವಿಯ ಕಡೆ ಹೋದವನು ಬ್ಯಾಸ್ಕೆಟ್‌ಬಾಲ್ ಆಡುವ ಆರಡಿ ಆಸಾಮಿ. ಹಾಗಾಗಿ ಸೆಲ್ವಿಯ ಕಡೆಯ ನೀರೇ ಮೇಲಿನ ಮಟ್ಟಕ್ಕೆ ಏರಿ ಕೂತಿತ್ತು.

ಹಿಯರಿಂಗಿಗೆ ಎರಡೇ ದಿನ. ನಾದಿನಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ ರೀತಿಯಲ್ಲೇ ನನಗೆ ಭಯವಾಯಿತು.

"ಅತ್ತಿಗೆ, ನೀವು ಎಷ್ಟು ಎತ್ತರ?"

"ನಾಲ್ಕು ಅಡಿ ಹನ್ನೊಂದು. ಯಾಕೆ?"

"ಆ ಓಣಿ ಹೆಂಗಸರೂ ಅಷ್ಟೇ. ಚಪ್ಪಲಿ ಹಾಕ್ಕೊಳಿ."

ಹೀಗೆ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಅಳತೆಗೋಲಾದೆ. ಒಂದೊಂದು ಬಾಗಿಲಲ್ಲೂ ನನ್ನನ್ನು ನಿಲ್ಲಿಸುವುದು, ಆ ಮನೆಯವರು ಬಂದು ನನ್ನ ಮೇಲೆ ಕೈಯಿಟ್ಟು ನೀರು ಬಂದ ಮಟ್ಟ ತೋರಿಸುವುದು, ಮಕ್ಕಳು ಪಕ್ಕದ ಗೋಡೆಗೆ ಗೆರೆ ಎಳೆಯುವುದು. "ಅತ್ತಿಗೆ, ಅಲ್ಲಾಡಬೇಡಿ" ಎಂದು ಇವಳ ಗದರಿಕೆ ಬೇರೆ. ಎದುರು ಮನೆಯ ಅಜ್ಜಿ, "ಯಾವ ಪಾರ್ಟಿಯವರು ಇವರು?" ಎಂದು ಕೇಳಿದರು. ಇನ್ನೊಬ್ಬಾಕೆ ನೀರು ಎಲ್ಲಿಗೆ ಬಂದಿತ್ತು ಎಂದು ತೋರಿಸುವ ಉತ್ಸಾಹದಲ್ಲಿ, ಸೀಮೆಸುಣ್ಣ ಕಿತ್ತುಕೊಂಡು ನನ್ನ ಮೈಸೂರು ಸಿಲ್ಕಿನ ಮೇಲೇ ಗೆರೆ ಎಳೆದಳು. ಸೋಷಿಯಲ್ ಸರ್ವಿಸ್ ಎಂದರೆ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಬೇಕು ಎಂದು ನಮಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು, ನೋಡಿ.

ಹಿಯರಿಂಗಿನಲ್ಲಿ ಇಂಜಿನಿಯರ್ ಸಾಹೇಬರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ನಕ್ಷೆ ತಿರುಗಿಸಿ ನೋಡಿ, "ಮೇಡಂ, ಯೂನಿವರ್ಸಿಟಿ ಮಾರ್ಕ್ಸ್ ಕೊಡೋದಕ್ಕೆ ಇದು ಚೆನ್ನಾಗಿದೆ. ನಾವು ರಸ್ತೆ ಹಾಕೋರು" ಎಂದರು.

"ನಿಮಗೆ ರಸ್ತೆ ಹಾಕೋದು ಕಲಿಸಿದ್ದು ಯಾರಪ್ಪಾ, ಜಲ್ಲಿ ಲಾರಿಯವನಾ?" ಎಂದಳು ನಾದಿನಿ.

ಅವರು ನಕ್ಕುಬಿಟ್ಟರು. ನಕ್ಷೆಯ ಮೂಲೆಗೆ ಬೆರಳಿಟ್ಟು, "ಇಲ್ಲಿ 'ಅಳತೆ: ಅತ್ತಿಗೆ' ಅಂತ ಬರೆದಿದ್ದೀರಲ್ಲ, ಏನದು?" ಎಂದರು.

"ಇವರೇ. ಅತ್ತಿಗೆ, ಸ್ವಲ್ಪ ಎದ್ದು ನಿಂತ್ಕೊಳಿ."

ನಾನು ಜನ ತುಂಬಿದ ಸಭಾಂಗಣದಲ್ಲಿ ಎದ್ದು ನಿಂತೆ. ನನ್ನ ಹಿಂದಿನ ಸಾಲಿನಿಂದ ಸೆಲ್ವಿಯೂ ತಾನಾಗಿಯೇ ಎದ್ದು, "ಸಾರ್, ಒಂದ್ಸಲ ಬಂದು ನೋಡಿ. ನೀರು ಒಳಗೆ ಬಂದ್ರೆ ನನ್ನ ಮೆಷಿನ್ ಮುಳುಗುತ್ತೆ. ಅದು ಬಿಟ್ರೆ ನನಗೇನೂ ಇಲ್ಲ" ಎಂದಳು. ಇಂಜಿನಿಯರ್ ಮರುದಿನ ಲೆವೆಲ್ ನೋಡುವ ಯಂತ್ರ ಹೊತ್ತು ಬಂದರು. ನಮ್ಮ ಗೆರೆಗಳಿಗೂ ಅವರ ಯಂತ್ರಕ್ಕೂ ಒಂದು ಬೆರಳಿನ ವ್ಯತ್ಯಾಸ. ರಸ್ತೆ ಎತ್ತರಿಸುವ ಬದಲು, ಹಳೆಯ ಡಾಂಬರು ಕೆರೆದು ಮೊದಲಿನ ಮಟ್ಟದಲ್ಲೇ ಹಾಕಬೇಕು, ಮುಚ್ಚಿಹೋದ ಮೋರಿ ಮೊದಲು ಬಿಡಿಸಬೇಕು ಎಂದು ಬರೆದುಕೊಂಡು ಹೋದರು. ಬರೆದದ್ದನ್ನು ಮಾಡಿದರು ಎಂದರೆ ನೀವು ನಂಬುವುದಿಲ್ಲ. ಮಾಡಿದರು.

ಆಮೇಲಿನ ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ನೋಡಿದರೆ ನಾದಿನಿ ಮನೆಯಲ್ಲಿಲ್ಲ. ಎಲ್ಲಿರುತ್ತಾಳೆಂದು ಹೇಳಬೇಕೇ? ಆಟೋ ಹಿಡಿದು ಮರ್ಫಿ ಟೌನಿಗೆ ಹೋದೆ. ಸೆಲ್ವಿಯ ಹೊಸ್ತಿಲ ಮೇಲೆ, ನೆನೆದ ತಲೆಯಲ್ಲಿ, ಸೀರೆ ಎತ್ತಿಕಟ್ಟಿಕೊಂಡು ಕೂತಿದ್ದಳು. ಬಯ್ಯಬೇಕೆಂದು ಬಾಯಿ ತೆರೆದವಳು ಅವಳ ಮುಖ ನೋಡಿ ಪಕ್ಕದಲ್ಲಿ ಕೂತೆ.

ನೀರು ಓಣಿ ಹಿಡಿದು ಬಂತು. ಮೊದಲ ಮೆಟ್ಟಿಲನ್ನು ಮುಟ್ಟಿತು. ಅಲ್ಲೇ ಒಂದಿಷ್ಟು ಹೊತ್ತು ನಿಂತು, ಮೋರಿಯ ಕಡೆ ತಿರುಗಿ ಹೊರಟುಹೋಯಿತು.

"ಅತ್ತಿಗೆ" ಎಂದಳು. ದನಿ ಅವಳದಲ್ಲವೇನೋ ಎನ್ನುವಷ್ಟು ಸಣ್ಣಗಿತ್ತು. "ಮೂವತ್ತು ವರ್ಷ ಎಷ್ಟು ಬಂದರಿನ, ಎಷ್ಟು ಊರಿನ ನಕ್ಷೆ ಬರೆದೆ ಗೊತ್ತಾ? ಎಲ್ಲಾ ಬೈಂಡ್ ಮಾಡಿ ಕಪಾಟಿಗೆ ಹಾಕಿದ್ರು. ನನ್ನ ಗೆರೆ ಕಾಗದದಿಂದ ನೆಲಕ್ಕಿಳಿದಿದ್ದು ಇದೊಂದೇ."

ತನ್ನ ಅಣ್ಣ ಹೋದ ದಿನವೂ ಕಣ್ಣೊರೆಸದೆ ಎಲ್ಲರಿಗೂ ಕಾಫಿ ಮಾಡಿಕೊಟ್ಟವಳು, ನನ್ನ ಭುಜಕ್ಕೆ ತಲೆಯಿಟ್ಟು ಮಗುವಿನ ಹಾಗೆ ಅತ್ತಳು. ನಾನು ಗಿಡ್ಡ, ಅವಳು ಉದ್ದ. ಅಷ್ಟು ಬಗ್ಗಲು ಅವಳಿಗೆ ಕಷ್ಟವಾಗಿರಬೇಕು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಎಷ್ಟಾಗುತ್ತದೋ ಅಷ್ಟು ಎತ್ತರವಾಗಿ ಕೂತೆ. ಒಳಗೆ ಸೆಲ್ವಿ ಯಾರದೋ ಮದುವೆಯ ರವಿಕೆಗೆ ತೋಳು ಕೂಡಿಸುತ್ತಿದ್ದಳು.