ಮಾತಿನ ಕೊಳವೆಯ ದೊಡ್ಡಮಾವ

ಕೆಟ್ಟುಹೋದ ಸಾಮಾನನ್ನು ರಿಪೇರಿ ಮಾಡುವವರನ್ನು ನೀವೆಲ್ಲ ನೋಡಿರುತ್ತೀರಿ. ಚೆನ್ನಾಗಿರುವ ಸಾಮಾನನ್ನು ರಿಪೇರಿ ಮಾಡುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರ ಜೊತೆ ಒಂದೇ ಸೂರಿನಡಿ ಬಾಳಿ, ಕೈಕಾಲು ಕಣ್ಣು ಮೂಗು ಎಲ್ಲವೂ ಇದ್ದಲ್ಲೇ ಇರುವಂತೆ ಈ ವಯಸ್ಸಿಗೆ ಬಂದು ಮುಟ್ಟಿದ್ದೇನೆ!

ಅವರು ನನ್ನ ಮಾವನವರ ಅಣ್ಣ, ನನಗೆ ದೊಡ್ಡಮಾವ. ಕೊಳ್ಳೇಗಾಲದ ಜನ ಅವರನ್ನು ಎದುರಿಗೆ ಸಾಹುಕಾರರು ಎನ್ನುತ್ತಿದ್ದರು, ಹಿಂದಿನಿಂದ ಏನೆನ್ನುತ್ತಿದ್ದರೋ ಕೇಳಲು ನಾನು ಹೋಗಲಿಲ್ಲ.

ನನ್ನ ತವರು ಯಳಂದೂರು. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಕೊಟ್ಟರೆ ಅದೇನು ದೊಡ್ಡ ದೂರ ಎನ್ನಬೇಡಿ. ಆಗ ಯಳಂದೂರು ಮೈಸೂರು ಮಹಾರಾಜರದು, ಕೊಳ್ಳೇಗಾಲ ಮದರಾಸಿನವರದು, ಕೊಯಮತ್ತೂರು ಜಿಲ್ಲೆ. ಬಸ್ಸಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡರೆ, ಅದು ಬಾಯಲ್ಲಿ ಕರಗುವಷ್ಟರಲ್ಲಿ ರಾಜ್ಯವೇ ಬದಲಾಗಿರುತ್ತಿತ್ತು! ನಮ್ಮವ್ವ ಮಗಳನ್ನು ಸಮುದ್ರದಾಚೆಗೆ ಕಳಿಸುವವಳ ಹಾಗೆ ಅತ್ತಳು. ಆಗ ನನಗೆ ನಗು ಬಂದಿತ್ತು. ಕೊಳ್ಳೇಗಾಲದ ಆ ದೊಡ್ಡ ಮನೆಯೊಳಗೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಅವ್ವ ಅತ್ತದ್ದು ಕಡಿಮೆಯಾಯಿತು ಅನ್ನಿಸಿತು.

ಯಜಮಾನರದು ರೇಷ್ಮೆ ಸೀರೆಯ ವ್ಯಾಪಾರ. ಗಂಟು ಕಟ್ಟಿಕೊಂಡು ಸೇಲಂ, ಕೊಯಮತ್ತೂರು ಎಂದು ಹೊರಟರೆ ಮುಖ ಮರೆತುಹೋಗುವಷ್ಟು ದಿನ ಬರುತ್ತಿರಲಿಲ್ಲ. ಮಾವ ಎಂದೋ ತೀರಿಕೊಂಡಿದ್ದರು. ಅತ್ತೆ ಕೆಟ್ಟವರಲ್ಲ, ಆದರೆ ಮಾತನ್ನು ತುಪ್ಪದ ಹಾಗೆ ಬೆರಳ ತುದಿಯಲ್ಲಿ ಬಡಿಸುವವರು. ಇನ್ನು ದೊಡ್ಡಮಾವ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಹಿತ್ತಲ ಕೊಟ್ಟಿಗೆಯೇ ಅವರ ಕಾರ್ಖಾನೆ. ಅಲ್ಲಿ ದನ ಕಟ್ಟುವ ಗೂಟಕ್ಕೆ ಸೈಕಲ್ ಚಕ್ರ ಕಟ್ಟಿರುತ್ತಿತ್ತು. ದನ ಬೇಲಿಯ ಹತ್ತಿರ ನಿಂತು ಅದನ್ನು ನೋಡುತ್ತಿತ್ತು!

ಅತ್ತೆ ಭಾವನವರ ಎದುರು ನಿಂತು ಮಾತಾಡುವಂತಿಲ್ಲ. ಆ ಕಾಲದ ಮರ್ಯಾದೆ. ಹಾಗಾಗಿ ಹೇಳಬೇಕಾದದ್ದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು. ದೊಡ್ಡಮಾವ ಕಂಬಕ್ಕೇ ಉತ್ತರ ಕೊಡುತ್ತಿದ್ದರು. ನಾನು ಬಂದ ಮೇಲೆ ಕಂಬದ ಕೆಲಸ ನನಗೆ ಬಂತು.

ಒಂದು ಬೆಳಿಗ್ಗೆ ಅತ್ತೆ ಮಜ್ಜಿಗೆ ಕಡೆದು ಕಡೆದು ತೋಳು ನೋವು ಎಂದದ್ದು ದೊಡ್ಡಮಾವನ ಕಿವಿಗೆ ಬಿತ್ತು. ಬೀಳಬಾರದಿತ್ತು! ಕಡೆಗೋಲಿನ ಹಗ್ಗವನ್ನು ಒಂದು ರಾಟೆಯ ಮೇಲೆ ಹಾಯಿಸಿ, ಅದರ ತುದಿಯನ್ನು ತಂದು ಕರುವಿನ ಕೊರಳಿಗೆ ಕಟ್ಟಿದರು. ಕರು ಅತ್ತಿತ್ತ ಓಡಾಡಿದರೆ ಕಡೆಗೋಲು ತಿರುಗಬೇಕು, ಬೆಣ್ಣೆ ಬರಬೇಕು. ತಿರುಗಿತು ಕೂಡ! ಅತ್ತೆಯ ಮುಖದಲ್ಲಿ ಇನ್ನೇನು ನಗು ಮೂಡಬೇಕು, ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನವನು ಹಾರನ್ ಒತ್ತಿದ. ಕರು ಬೆದರಿ ಬೀದಿಗೆ ಹಾರಿತು. ಹಿಂದೆ ರಾಟೆ, ರಾಟೆಯ ಹಿಂದೆ ಕಡೆಗೋಲು, ಅದರ ಹಿಂದೆ ಗಡಿಗೆ, ಎಲ್ಲಕ್ಕೂ ಹಿಂದೆ ದೊಡ್ಡಮಾವ!

ಅವರು ಹಗ್ಗವೊಂದನ್ನು ಕೈಯಲ್ಲಿ ಹಿಡಿದು ಹಿಂತಿರುಗಿದಾಗ ಅತ್ತೆ ನನ್ನ ಕಡೆ ನೋಡಿದರು. “ಬೆಣ್ಣೆ ಬಂತಾ ಅಂತ ಕೇಳವ್ವ.”

ನಾನು ಕೇಳುವುದರೊಳಗೇ ದೊಡ್ಡಮಾವ ಹೇಳಿದರು: “ಬಂತು ಅನ್ನವ್ವ. ಸಂತೆಬೀದೀಲಿ ಅದೆ.”

ಇನ್ನು ಮರೆವು! ಧನಗೆರೆಯಲ್ಲಿ ನೆಂಟರ ಮದುವೆ. ಯಜಮಾನರು ಊರಲ್ಲಿಲ್ಲ, ಮನೆಯ ಪರವಾಗಿ ದೊಡ್ಡಮಾವ ಸೀರೆಯ ಗಂಟು ಹಿಡಿದು ಹೊರಟರು. ತಲೆಯಲ್ಲಿ ಯಾವ ಚಕ್ರ ತಿರುಗುತ್ತಿತ್ತೋ, ಹನೂರಿನ ಬಸ್ಸು ಹತ್ತಿ, ಕಾಮಗೆರೆಯಲ್ಲಿ ವಾಲಗದ ಸದ್ದು ಕೇಳಿದ್ದೇ ತಡ ಇಳಿದುಬಿಟ್ಟರು. ಯಾರದೋ ಮದುವೆ. ಗಂಡಿನವರು ಇವರು ಹೆಣ್ಣಿನ ಕಡೆಯವರೆಂದರು, ಹೆಣ್ಣಿನವರು ಗಂಡಿನ ಕಡೆಯವರೆಂದರು. ಚಪ್ಪರದ ಗ್ಯಾಸ್‌ಲೈಟು ಕೆಟ್ಟು ಕೂತಿತ್ತು. ಇವರು ಪಂಚೆ ಎತ್ತಿ ಕಟ್ಟಿ, ಅದನ್ನು ಬಿಚ್ಚಿ, ಉರಿಯುವಂತೆ ಮಾಡಿ, ಮದುಮಗಳಿಗೆ ಸೀರೆ ಕೊಟ್ಟು, ಉಂಡು ಬಂದರು. ಧನಗೆರೆಯವರು ನಮ್ಮ ಮೇಲೆ ಸಿಟ್ಟಾಗಿ ಮಾತು ಬಿಟ್ಟರು. ಕಾಮಗೆರೆಯ ಆ ಗುರುತಿಲ್ಲದ ಜನ ಮಾತ್ರ ಸುಗ್ಗಿ ಬಂತೆಂದರೆ ಅವರೆಕಾಯಿ ತಂದು ಸುರಿದು, “ಲೈಟಿನ ಅಣ್ಣನೋರು ಚೆನ್ನಾಗವ್ರಾ?” ಎಂದು ಕೇಳಿ ಹೋಗುತ್ತಿದ್ದರು. ಯಾವುದು ನೆಂಟಸ್ತನ, ಯಾವುದು ಅಲ್ಲ, ನೀವೇ ಹೇಳಿ!

ಅವರ ಕೀರ್ತಿ ಹನೂರಿನಾಚೆಗೂ ಹರಡಿ, ಕಾಡಂಚಿನ ರೈತನೊಬ್ಬ ಆನೆ ಓಡಿಸುವ ಯಂತ್ರ ಬೇಕೆಂದು ಬಂದ. ನೀರು ತುಂಬಿದರೆ ಬಿದಿರು ತಲೆ ಬಗ್ಗಿಸಿ ತಗಡಿಗೆ ಬಡಿಯುವ ಹಾಗೆ ಒಂದನ್ನು ಮಾಡಿಕೊಟ್ಟರು. ಸ್ವಲ್ಪ ದಿನದ ಮೇಲೆ ಆತ ಮತ್ತೆ ಬಂದು ಜಗಲಿಯ ಕೆಳಗೆ ಟವೆಲು ಹಿಡಿದು ನಿಂತ.

“ಸಾ, ಮೊದ್ಲು ಒಂಟಿ ಆನೆ ಬತ್ತಿತ್ತು ಸಾ. ಈಗ ಅದೇನ್ ಸದ್ದು ಅಂತ ನೋಡಕ್ಕೆ ಸಂಸಾರನೇ ಕರ್ಕಂಡ್ ಬತ್ತದೆ!”

ದೊಡ್ಡಮಾವನ ಮುಖ ಅರಳಿತು. “ಅಂಗಾರೆ ಸದ್ದು ದೂರಕ್ಕೂ ಕೇಳ್ತದೆ ಅನ್ನು!”

ನಾನು ಬಾಯಿಗೆ ಸೆರಗು ಮುಚ್ಚಿಕೊಂಡು ಒಳಗೆ ಓಡಿದೆ. ಅಂದು ನಕ್ಕ ನಗುವನ್ನು ಹೇಳಿಕೊಳ್ಳಲು ಯಾರಾದರೂ ಬೇಕಾಗಿತ್ತು. ಯಳಂದೂರಿನಲ್ಲಾದರೆ ತಂಗಿ ಇದ್ದಳು, ಬಾವಿಕಟ್ಟೆಯಿತ್ತು. ಇಲ್ಲಿ ನಗು ಒಲೆಯ ಮುಂದೆ ತಾನಾಗಿ ಆರಿಹೋಯಿತು. ನಗುವುದಕ್ಕೂ ಎರಡನೆಯವರು ಬೇಕು ಎಂದು ನನಗೆ ತಿಳಿದದ್ದು ಅವತ್ತು.

ದೊಡ್ಡಮಾವನನ್ನು ಊಟಕ್ಕೆ ಕರೆಯುವುದು ನನ್ನ ಪಾಲಿನ ಕೆಲಸ. ಉರಿಬಿಸಿಲಲ್ಲಿ ಹಿತ್ತಲು ದಾಟಿ ಹೋಗಿ “ಮಾವ, ಊಟಕ್ಕೆ ಬನ್ನಿ” ಎನ್ನಬೇಕು. ಅವರು ತಲೆಯೆತ್ತದೆ “ಬಂದೆ” ಎನ್ನುತ್ತಿದ್ದರು. ಬರುತ್ತಿರಲಿಲ್ಲ. ಮುದ್ದೆ ಆರಿ ಕಲ್ಲಾಗುತ್ತಿತ್ತು. ಮತ್ತೆ ಹೋಗಬೇಕು, ಮತ್ತೆ “ಬಂದೆ”. ಒಂದು ದಿನ ನನ್ನ ಸುಟ್ಟ ಅಂಗಾಲು ಅವರ ಕಣ್ಣಿಗೆ ಬಿತ್ತು ಅಂತ ಕಾಣುತ್ತದೆ. ಮಾರನೆಯ ದಿನವೇ ಉದ್ದುದ್ದ ಬಿದಿರು ಬಂದು ಬಿತ್ತು. ಕಾದ ಕಬ್ಬಿಣದ ಸಲಾಕೆಯಿಂದ ಗೆಣ್ಣುಗಳನ್ನೆಲ್ಲ ಚುಚ್ಚಿ ಟೊಳ್ಳು ಮಾಡಿ, ಒಂದಕ್ಕೊಂದು ಸೇರಿಸಿ, ಮೇಣದ ಬಟ್ಟೆ ಸುತ್ತಿ, ಅಡುಗೆಮನೆಯ ಕಿಟಕಿಯಿಂದ ಕೊಟ್ಟಿಗೆಯವರೆಗೆ ಒಂದು ಕೊಳವೆ ಎಳೆದರು. ಎರಡು ತುದಿಗೂ ತಗಡಿನ ಆಲಿಕೆ. ಈ ಕಡೆ ಮಾತಾಡಿದರೆ ಆ ಕಡೆ ಕೇಳಬೇಕು.

ನಾನು ಆಲಿಕೆಗೆ ಬಾಯಿಟ್ಟು, “ಮಾವ, ಊಟಕ್ಕೆ ಬನ್ನಿ” ಎಂದೆ.

ಬಿದಿರಿನೊಳಗಿಂದ ಸ್ಪಷ್ಟವಾಗಿ ಕೇಳಿಸಿತು: “ಬಂದೆ.”

ಬರಲಿಲ್ಲ! ಆದರೂ ಸುಖವೇ. ನಡೆದು ಹೋಗಿ ಕೇಳುತ್ತಿದ್ದ ಸುಳ್ಳನ್ನು ನಿಂತಲ್ಲೇ ಕೇಳುವಂತಾಯಿತಲ್ಲ!

ಈ ಕೊಳವೆಯಿಂದ ನಿಜವಾದ ಲಾಭವಾದದ್ದು ಅತ್ತೆಗೆ. ಭಾವನ ಮುಖ ನೋಡಿ ಮಾತಾಡಬಾರದು, ಸರಿ. ಬಿದಿರಿನ ಮುಖ ನೋಡಿ ಮಾತಾಡಬಾರದೆಂದು ಯಾವ ಶಾಸ್ತ್ರ ಹೇಳಿದೆ? ಅಷ್ಟು ವರ್ಷ ಕಂಬಕ್ಕೆ ಹೇಳಿ ಉಳಿದದ್ದನ್ನೆಲ್ಲ ಅವರು ಒಂದೇ ಮಧ್ಯಾಹ್ನದಲ್ಲಿ ಸುರಿದರು. ಗಡಿಗೆ, ಬೆಣ್ಣೆ, ಧನಗೆರೆಯ ಸೀರೆ, ನಾನು ಬರುವ ಮೊದಲೆಂದೋ ಕೋಳಿಗೂಡಿಗೆ ಬಿದ್ದ ಬೆಂಕಿ, ಒಂದೂ ಬಿಡಲಿಲ್ಲ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, “ಕೇಳುಸ್ತಾ?” ಎಂದರು.

“ಚೆನ್ನಾಗ್ ಕೇಳುಸ್ತದೆ ಕಣವ್ವ,” ಕೊಳವೆ ಸಂತೋಷದಿಂದ ಹೇಳಿತು. “ಇನ್ನೊಸಿ ಮೆಲ್ಲುಗ್ ಮಾತಾಡು ನೋಡವ, ಮೆಲ್ಲುಗ್ ಆಡುದ್ರೂ ಕೇಳುಸ್ತದಾ ಅಂತ!”

ಕೇಳಿಸುತ್ತಿತ್ತು. ಅದು ನನಗೆ ಗೊತ್ತಾದದ್ದು ಗೌರಿ ಹಬ್ಬದ ಹಿಂದಿನ ದಿನ.

ಹಬ್ಬಕ್ಕೆ ಕರೆದೊಯ್ಯಲು ಅಣ್ಣ ಬರಬೇಕಿತ್ತು. ಜ್ವರವೆಂದು ಹೇಳಿ ಕಳಿಸಿದ್ದ. ಯಜಮಾನರು ಸೇಲಂನಲ್ಲಿ. “ಅವ್ನು ಬರ್ಲಿ, ಆಮೇಕೆ ತೌರಿಗೆ ಓದ್ರಾಯ್ತು” ಎಂದು ಅತ್ತೆ ಪಕ್ಕದ ಮನೆಗೆ ಹೋದರು. ನಾನು ಒಬ್ಬಳೇ ಕಾಯಿ ತುರಿಯುತ್ತ ಕೂತೆ. ಬೀದಿಯಲ್ಲಿ ಯಾರದೋ ಮನೆಯ ಹೆಣ್ಣುಮಗಳು ತವರಿಗೆ ಬಂದು ಗಾಡಿಯಿಳಿಯುವ ಗದ್ದಲ. ಕಣ್ಣೀರು ಬಂತು. ಸದ್ದಿಲ್ಲದೆ ಅಳುವುದನ್ನು ಆ ವೇಳೆಗೆ ಚೆನ್ನಾಗಿ ಕಲಿತಿದ್ದೆ.

“ಯಾರದು ಅಳ್ತಿರದು?” ಎಂದಿತು ಕೊಳವೆ.

ತುರಿಮಣೆಯ ಮೇಲೆ ಬೆಚ್ಚಿಬಿದ್ದೆ. “ಯಾರೂ ಇಲ್ಲ ಮಾವ.”

“ಯಾರೂ ಇಲ್ದಿದ್ರೆ ಅಳ್ತಿರದ್ಯಾರು?”

ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಕಾಯಿ ತುರಿಯತೊಡಗಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ದೊಡ್ಡಮಾವ ಅಡುಗೆಮನೆಯ ಬಾಗಿಲಲ್ಲಿ! ಮೇಲೆ ಕೋಟು, ಕಂಕುಳಲ್ಲಿ ಕೊಡೆ. “ಒರಡವ್ವ. ಯಳಂದೂರ್ ಬಸ್ ಅದೆ.”

ಅಷ್ಟರಲ್ಲಿ ಬಂದ ಅತ್ತೆ ಕಂಬದ ಮರೆಗೆ ನಿಂತರು. “ಮಗ ಬರೋಗಂಟ ತಡ್ಕಳಕ್ಕಾಗಕಿಲ್ವಾ ಅಂತ ಕೇಳವ್ವ.”

ದೊಡ್ಡಮಾವ ಕಂಬವನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೇರವಾಗಿ ಅತ್ತೆಯನ್ನೇ ನೋಡಿ ಹೇಳಿದರು: “ಆಗಕಿಲ್ಲ ಕಣವ್ವ.”

ಅತ್ತೆ ಒಳಗೆ ಹೋಗಿ ಕುಂಕುಮ, ಹೂವು ತಂದು ನನಗಿಟ್ಟು, ಬಾಳೆಹಣ್ಣಿನ ಗಂಟು ಕೈಗೆ ಕೊಟ್ಟರು.

ಯುದ್ಧ ಮುಗಿದಿದ್ದರೂ ಪೆಟ್ರೋಲಿನ ಬರ ಮುಗಿದಿರಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ, ಅದರ ಹೊಗೆಯಲ್ಲಿ ಓಡಿಸುತ್ತಿದ್ದರು. ಕೊಳ್ಳೇಗಾಲ ಬಿಟ್ಟು ಸ್ವಲ್ಪ ದೂರ ಹೋಗಿ ಅದು ಕೆಮ್ಮಿ ಕೆಮ್ಮಿ ನಿಂತಿತು. ಡ್ರೈವರು ಇಳಿದ, ಜನ ಇಳಿದರು. ಇನ್ನು ದೊಡ್ಡಮಾವನ ಕೈಗೆ ಆ ಒಲೆ ಸಿಕ್ಕರೆ ಇವತ್ತಿಗೆ ಯಳಂದೂರು ಕಂಡ ಹಾಗೇ ಎಂದು ನಾನು ಅವರ ಕೋಟಿನ ತುದಿ ಹಿಡಿದುಕೊಳ್ಳಲು ಸಿದ್ಧಳಾದೆ. ಅವರು ಅಲ್ಲಾಡಲಿಲ್ಲ.

“ಮಾವ, ಬಸ್ ಕೆಟ್ಟದೆ.”

“ಕೆಡ್ಲಿ ಬುಡು.”

ಅವರಿಗೆ ಮೈ ಸರಿಯಿಲ್ಲವೇನೋ ಎಂದು ನನಗೆ ಗಾಬರಿಯಾಯಿತು. ಅವರು ಕಿಟಕಿಯಾಚೆ ಭತ್ತದ ಗದ್ದೆಗಳನ್ನು ನೋಡುತ್ತ ಕೂತಿದ್ದರು. ಗದ್ದೆಗೇ ಹೇಳುವವರ ಹಾಗೆ ಹೇಳಿದರು:

“ನಿಮ್ಮ ದೊಡ್ಡತ್ತೆ ತೌರು ಮಾಂಬಳ್ಳಿ. ಇದೇ ದಾರಿ. ಗೌರಿ ಹಬ್ಬುಕ್ ಕರ್ಕಂಡೋಗಿ ಅಂದ್ಲು ಒಂದ್ ವರ್ಸ. ನೂಲು ಸುತ್ತೋ ರಾಟೆ ಒಂದ್ ಮಾಡ್ತಿದ್ದೆ. ಇದೊಂದ್ ಮುಗೀಲಿ, ನಾಳೆ ಓಗವ ಅಂದೆ. ನಾಳೆ ನಾಳೆ ಅಂತ ಹಬ್ಬ ಕಳ್ದೋಯ್ತು. ಆಮೇಕೆ ಅವ್ಳಿಗೆ ಜ್ವರ ಬಂತು.”

ನನಗೆ ಏನು ಕೇಳಬೇಕೋ ತಿಳಿಯದೆ, ಕೇಳಬಾರದ್ದನ್ನೇ ಕೇಳಿದೆ. “ರಾಟೆ ಮುಗೀತಾ ಮಾವ?”

“ಮುಗೀತು. ಚೆನ್ನಾಗ್ ತಿರುಗ್ತು. ನಾ ಮಾಡಿದ್ರಲ್ಲಿ ಅದೊಂದೇ ಸರ್ಯಾಗ್ ತಿರುಗಿದ್ದು.”

ಆಮೇಲೆ ಅವರು ಮಾಂಬಳ್ಳಿಗೆ ಹೋಗಿಯೇ ಇರಲಿಲ್ಲವಂತೆ. ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದರು. ಈ ದಾರಿಯಲ್ಲಿ ಬರಬೇಕಾದಾಗಲೆಲ್ಲ ಬಸ್ಸಿನಲ್ಲಿ ಮಾಂಬಳ್ಳಿ ಕಾಣದ ಬದಿಗೆ ಕೂತು ಬರುತ್ತಿದ್ದರಂತೆ.

ಬಸ್ಸು ಹೊರಟಿತು. ಮಾಂಬಳ್ಳಿಯ ಮನೆಗಳು ಕಂಡವು. ದೊಡ್ಡಮಾವ ಎದುರಿನ ಸೀಟಿನ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ಅತ್ತ ಅವ್ವ ನನಗಾಗಿ ಕಾಯುತ್ತಿರುತ್ತಾಳೆ. ಯಳಂದೂರು ಇನ್ನೆಷ್ಟು ದೂರ? ಆದರೂ ಬಾಯಿ ತಾನಾಗಿ ಕೂಗಿತು: “ನಿಲ್ಸಿ! ಇಳ್ಯೋರವ್ರೆ!”

“ಯಾಕವ್ವ?” ಎಂದರು ದೊಡ್ಡಮಾವ.

“ಇಳೀರಿ ಮಾವ. ನಾನೂ ಬತ್ತೀನಿ.”

ಮನೆ ಅವರಿಗೆ ಮರೆತಿರಲಿಲ್ಲ. ಜಗಲಿಯ ಮೇಲೆ ಕಣ್ಣು ಮಂಜಾದ ಮುದುಕಿಯೊಬ್ಬರು ಹಬ್ಬಕ್ಕೆ ಬತ್ತಿ ಹೊಸೆಯುತ್ತಿದ್ದರು. ಒಳಗೆ ಸೊಸೆಯರ, ಮಕ್ಕಳ ಸದ್ದು. ದೊಡ್ಡಮಾವ ಮೆಟ್ಟಿಲ ಕೆಳಗೇ ನಿಂತರು.

“ಯಾರವ್ವ ಅದು?” ಎಂದು ಮುದುಕಿ ನನ್ನ ಬಳೆಯ ಸದ್ದಿಗೆ ತಲೆಯೆತ್ತಿದರು.

“ಕೊಳ್ಳೇಗಾಲದಿಂದ ಬಂದ್ವಿ ಅಜ್ಜಿ.”

ಬತ್ತಿ ಹೊಸೆಯುವ ಕೈ ನಿಂತಿತು. “ಜೊತೇಲಿ ಯಾರೋ ಗಂಡಸ್ರು ನಿಂತವ್ರಲ್ಲ?”

ದೊಡ್ಡಮಾವ ಕೊಡೆಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿದರು. ನಾನೇ ಹೇಳಿದೆ: “ನಿಮ್ ಅಳಿಯಂದಿರು ಕಣಜ್ಜಿ.”

ಈಗ ಶಾಪ ಹಾಕುತ್ತಾರೆ ಎಂದುಕೊಂಡೆ. ಹಾಕಿದ್ದರೆ ತಪ್ಪೂ ಇರಲಿಲ್ಲ. ಮುದುಕಿ ಗೋಡೆ ಹಿಡಿದು ಎದ್ದು, ಒಂದೊಂದೇ ಮೆಟ್ಟಿಲು ತಡವಿ ಇಳಿದು ಬಂದು, ಗಾಳಿಯಲ್ಲಿ ಕೈಯಾಡಿಸಿ ಅವರ ಕೈ ಹುಡುಕಿ ಹಿಡಿದುಕೊಂಡರು. ಬೆರಳುಗಳನ್ನು ಒಂದೊಂದಾಗಿ ಸವರಿದರು.

“ದಾರಿ ಕಾಣಕ್ಕೆ ಇಷ್ಟ್ ದಿನ ಆಯ್ತಾಪ್ಪ?” ಎಂದರು. ಮತ್ತೆ ಬೆರಳು ಸವರಿ, “ಕೈಯೆಲ್ಲಾ ಎಣ್ಣೆ ಜಿಡ್ಡು. ಬಾ, ತೊಳ್ಕ. ಉಣ್ಣಿವಂತೆ.”

ಒಳಗಿನಿಂದ ಸೊಸೆ ಚೊಂಬು ತಂದಳು. ಮುದುಕಿ ಅದನ್ನು ಅವಳಿಗೆ ಬಿಡದೆ ತಾವೇ ತೆಗೆದುಕೊಂಡು, ಅಂದಾಜಿನಲ್ಲಿ ನೀರು ಬಿಟ್ಟರು. ಅರ್ಧ ಕೈಗೆ ಬಿತ್ತು, ಅರ್ಧ ಕಾಲಿಗೆ. ಚೊಂಬು ಬರಿದಾದ ಮೇಲೂ ದೊಡ್ಡಮಾವ ಎರಡು ಕೈಯನ್ನೂ ಚಾಚಿಕೊಂಡು ಹಾಗೆಯೇ ನಿಂತಿದ್ದರು.