ಮುಂಡರಗಿಯಲ್ಲಿ ನಾನು ಕಲಿಸಿದ ಕೈ ತೊಳೆಯುವ ಪಾಠ

ಅರವತ್ತೊಂದು ವರ್ಷದಿಂದ ದಿನಾ ಕೈ ತೊಳೆದುಕೊಳ್ಳುತ್ತಾ ಬಂದಿದ್ದೇನೆ. ಹಾಗಾಗಿ ಅದನ್ನು ಇನ್ನೊಬ್ಬರಿಗೆ ಕಲಿಸುವ ಯೋಗ್ಯತೆ ನನಗಿದೆ ಎಂಬುದರಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ!

ಬೆಟಗೇರಿಯ ನಮ್ಮ ಚರ್ಚಿನಿಂದ ಒಂದು ದಿನದ ಸೇವಾ ಪ್ರವಾಸ ಹೊರಟಿತ್ತು. ಲಕ್ಷ್ಮೇಶ್ವರದಲ್ಲಿ ಒಂದು ಶಾಲೆ, ಶಿರಹಟ್ಟಿಯಲ್ಲಿ ಇನ್ನೊಂದು, ಕೊನೆಗೆ ಮುಂಡರಗಿಯ ಅನಾಥ ಮಕ್ಕಳ ಆಶ್ರಮ. ಹಾಡು, ಬೈಬಲ್ ಕಥೆ, ಆಟ, ಬಟ್ಟೆ ಹಂಚುವುದು, ಇವನ್ನೆಲ್ಲ ಬೇರೆಯವರು ಮೊದಲೇ ಹಿಡಿದುಕೊಂಡರು. ನನಗೆ ಉಳಿದದ್ದು ಸ್ವಚ್ಛತೆಯ ಪಾಠ. ವಾರವಿಡೀ ಕೂತು ‘ಕೈ ತೊಳೆಯುವ ಏಳು ಹಂತಗಳು’ ಎಂಬ ಬಣ್ಣದ ಚಿತ್ರಪಟ ಬರೆದೆ. ನಿವೃತ್ತ ಚಿತ್ರಕಲಾ ಶಿಕ್ಷಕನ ಕೈ ನನ್ನದು, ಚಿತ್ರದ ಬೆರಳುಗಳು ಬಹಳ ಚೆನ್ನಾಗಿ ಬಂದಿದ್ದವು.

ಹೊರಡುವ ಮುಂಜಾನೆ ಹೆಂಡತಿ ಕರುಣಾ ಬಾಗಿಲಲ್ಲಿ ನಿಂತಳು.

“ಇವತ್ತ ನೀರ ಬರೋ ದಿನ, ಖಬರ ಐತೇನ್ರಿ? ಹತ್ತ ದಿನಕ್ಕ ಒಮ್ಮೆ ಬರ್ತಾವು. ಡ್ರಮ್ಮು, ಹಂಡೆ, ಕೊಡ ಎಲ್ಲಾ ಯಾರ ತುಂಬಸ್ಬೇಕು?”

“ದೇವರ ಕೆಲಸಕ್ಕ ಹೊಂಟೀನಿ, ಕರುಣಾ.”

“ಪ್ರತಿ ಸಲ ನೀರ ಬರೋ ದಿನಾನ ದೇವರು ನಿಮ್ಮನ್ನ ಕರೀತಾನಲ್ಲ!”

ಇಂಥ ಮಾತಿಗೆ ಸೇವಕನಾದವನು ಉತ್ತರ ಕೊಡಬಾರದು. ಚಿತ್ರಪಟ ಕಂಕುಳಲ್ಲಿಟ್ಟುಕೊಂಡು ಹೋಗಿ ಟೆಂಪೊ ಹತ್ತಿದೆ.

ಲಕ್ಷ್ಮೇಶ್ವರದಲ್ಲಿ ಹೆಡ್ ಮಾಸ್ತರರು ನಮಗೆ ಶಾಲು ಹೊದಿಸಿ ಮುಕ್ಕಾಲು ತಾಸು ಸ್ವಾಗತ ಭಾಷಣ ಮಾಡಿದರು. ನಮ್ಮ ಪಾಸ್ಟರ್ ಸೊಲೊಮನ್ ಗಡಿಯಾರ ನೋಡತೊಡಗಿದರು. ನನ್ನ ಸರದಿ ಬಂದು ಮೂರನೆಯ ಹಂತ ಮುಗಿಯುವಷ್ಟರಲ್ಲಿ “ಜಲ್ದಿ, ಜಲ್ದಿ” ಎಂದು ಎಬ್ಬಿಸಿಬಿಟ್ಟರು. ಉಳಿದ ನಾಲ್ಕು ಹಂತ ನನ್ನ ಹೊಟ್ಟೆಯಲ್ಲೇ ಉಳಿದವು. ಟೆಂಪೊದಲ್ಲಿ ಕೂತಲ್ಲಿ ಕೂರಲಾಗಲಿಲ್ಲ.

ಶಿರಹಟ್ಟಿಯಲ್ಲಿ ವೇಳೆ ಇತ್ತು, ನಳದಲ್ಲಿ ನೀರಿರಲಿಲ್ಲ. ಬರೀ ಗಾಳಿಯಲ್ಲಿ ಕೈ ಉಜ್ಜಿ ತೋರಿಸಿದೆ. ಮುಂದಿನ ಸಾಲಿನ ಒಬ್ಬಳು, “ಸರ್ರ, ನೀರ ಎಲ್ಲಿ ಅದಾವ್ರಿ?” ಎಂದಳು. “ಅದಾವು ಅಂತ ತಿಳ್ಕೋ” ಎಂದೆ. ಇಡೀ ಶಾಲೆ ನಕ್ಕಿತು. ನನ್ನ ಜೊತೆ ಬಂದವರೂ ನಕ್ಕರು! ಮುಂಡರಗಿಯಲ್ಲಿ ಏನಾದರೂ ಆಗಲಿ, ನಿಜವಾದ ನೀರಿನಲ್ಲಿ ಏಳೂ ಹಂತ ಮುಗಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಆಶ್ರಮಕ್ಕೆ ಬಂದಾಗ ಮೂರು ಗಂಟೆ. ಅದನ್ನು ನಡೆಸುವ ಶಾಂತಕ್ಕ ತರಕಾರಿ ತರಲು ಹೋಗಿದ್ದರು. ನಮ್ಮವರು ಒಳಗೆ ಮಕ್ಕಳ ಅಳತೆಗೆ ಬಟ್ಟೆ ಜೋಡಿಸುತ್ತಾ ಕೂತರು. ನಾನು ಹಿತ್ತಲಿಗೆ ಓಡಿದೆ. ಮಾಳಿಗೆಯ ಮೇಲೆ ದೊಡ್ಡ ಕರಿ ಟ್ಯಾಂಕು, ಕೆಳಗೆ ಸಾಲಾಗಿ ನಾಲ್ಕು ನಳ! ಮೂರಕ್ಕೆ ಮಾತ್ರ ಹಳೆ ಬಟ್ಟೆ ಸುತ್ತಿ, ತಂತಿಯಿಂದ ಬಿಗಿಯಾಗಿ ಕಟ್ಟಿದ್ದರು. ಎಂಥ ಅವ್ಯವಸ್ಥೆ ಎಂದು ಬಿಚ್ಚತೊಡಗಿದೆ.

ಹತ್ತು ವರ್ಷದ ರೇಣುಕಾ ಎಂಬವಳು ಓಡಿ ಬಂದಳು. “ಸರ್ರ, ಅದನ್ನ ಬಿಚ್ಚಬಾರದ್ರಿ. ಅಕ್ಕಾರು ಬೈತಾರ.”

“ಹೆದರಬ್ಯಾಡವಾ, ನಾ ಅದೀನಲ್ಲ!”

ಆ ಧೈರ್ಯವನ್ನು ನಾನು ಯಾಕಾದರೂ ಕೊಟ್ಟೆನೋ.

ನಲವತ್ತು ಮಕ್ಕಳು. ಏಳು ಹಂತ. ಒಂದು ಸಲ ಮುಗಿದಾಗ ನನಗೆ ಸಮಾಧಾನವಾಗಲಿಲ್ಲ. “ಯಾರ ಕೈಯಾಗ ಹೆಚ್ಚು ನೊರಿ ಬರತೈತಿ, ಅವರಿಗೆ ಬಿಸ್ಕೀಟು!” ಎಂದು ಘೋಷಿಸಿದೆ. ನಾಲ್ಕೂ ನಳ ಭೋರೆಂದವು. ಮಕ್ಕಳು ಕೈ ತೊಳೆದರು, ಕಾಲು ತೊಳೆದರು, ಒಬ್ಬನಂತೂ ಚಪ್ಪಲಿಗೆ ಏಳೂ ಹಂತ ಪ್ರಯೋಗಿಸಿದ. ಜೀವನದಲ್ಲಿ ಇಂಥ ವಿದ್ಯಾರ್ಥಿಗಳು ನನಗೆ ಸಿಕ್ಕಿರಲಿಲ್ಲ. ಆಗ ನಳ ಗೊರ್ ಎಂದಿತು. ಎರಡನೆಯದು ಕೆಮ್ಮಿತು. ಇಪ್ಪತ್ತು ಮಕ್ಕಳು ಮೊಣಕೈವರೆಗೆ ನೊರೆ ಹಚ್ಚಿಕೊಂಡು ನನ್ನ ಮುಖ ನೋಡುತ್ತಾ ನಿಂತರು.

ಮಾಳಿಗೆ ಹತ್ತಿ ಟ್ಯಾಂಕಿನಲ್ಲಿ ಇಣುಕಿದೆ. ತಳ ಕಂಡಿತು. ಕೆಳಗಿಳಿದು, ಮಕ್ಕಳಿಗೆ ಹಂಚಲು ತಂದಿದ್ದ ಹೊಸ ಟವೆಲ್ಲುಗಳಿಂದಲೇ ನೊರೆ ಒರೆಸುತ್ತಿದ್ದಾಗ ಶಾಂತಕ್ಕ ಬಂದರು. ಬಿಚ್ಚಿದ ತಂತಿಗಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಇನ್ನ ಆರ ದಿನಕ್ಕ ನೀರ ಬರ್ತಾವ್ರಿ ಸರ್. ಇವತ್ತ ರಾತ್ರಿ ಅನ್ನಕ್ಕ ಎಸರಿಡಾಕೂ ಅವ ನೀರ ಇದ್ದವ್ರಿ.”

ನನಗೆ ನಾಚಿಕೆಯಾಯಿತು. ತಮಾಷೆಗೆ ಹೇಳುತ್ತಿಲ್ಲ. ಮನೆಯಲ್ಲಿ ಹತ್ತು ದಿನಕ್ಕೊಮ್ಮೆ ಬರುವ ನೀರಿನ ಬೆಲೆ ಗೊತ್ತಿದ್ದವನು ನಾನು! ಅಲ್ಲ, ನಿಜವಾಗಿ ಗೊತ್ತಿದ್ದದ್ದು ಕರುಣಾಗೆ. ನನಗಲ್ಲ.

ಶಾಂತಕ್ಕನ ಹತ್ತಿರ ನಂಬರು ಇಸಿದುಕೊಂಡು ನೀರಿನ ಟ್ಯಾಂಕರಿನವನಿಗೆ ಫೋನ್ ಮಾಡಿದೆ. “ನಾಳೆ ಮುಂಜಾನಿ ನೋಡೋಣ್ರಿ” ಎಂದ. ಗಾಬರಿಯಲ್ಲಿ ಕರುಣಾಗೆ ಫೋನ್ ಮಾಡಿದೆ.

“ನೀರ ಬಂದಾವೇನು?”

“ಬಂದಾವು. ಒಬ್ಬಾಕಿನ ತುಂಬಸಾಕತ್ತೀನಿ. ಯಾಕ್ರಿ?”

ವಿಷಯ ಹೇಳಿದೆ. “ಮುಂಡರಗಿ ತನಕಾ ಕೊಡ ಹೊತ್ಕೊಂಡ ಬರ್ಲೇನ್ರಿ?” ಎಂದು ಫೋನ್ ಇಟ್ಟುಬಿಟ್ಟಳು.

ಕೊನೆಗೆ ರೇಣುಕಾ ಒಂದು ಕೊಡ ತಂದು ನನ್ನ ಕೈಗಿಟ್ಟಳು. “ಬರ್ರಿ ಸರ್ರ, ಓಣ್ಯಾಗ ಕೇಳಿದ್ರ ಮನಿಗೊಂದ ಕೊಡ ನೀರ ಕೊಡ್ತಾರ.”

ಕೊರಳಲ್ಲಿ ಟೈ, ಎದೆಯ ಮೇಲೆ ‘ಸೇವಕ’ ಎಂಬ ಬಿಲ್ಲೆ, ಹೆಗಲ ಮೇಲೆ ಕೊಡ. ಹೀಗೆ ಹೊರಟೆ. ಪ್ರತಿ ಮನೆಯವರೂ “ಏನಾತವಾ?” ಎಂದು ಕೇಳುವರು. ರೇಣುಕಾ ಪ್ರತಿ ಮನೆಯಲ್ಲೂ ಮೊದಲಿನಿಂದ ಹೇಳುವಳು: “ಈ ಸರ್ರು ಕೈ ತೊಳಿಯೂದು ಕಲಿಸಿದ್ರರಿ. ಟ್ಯಾಂಕ್ ಖಾಲಿ ಆತ್ರಿ.” ಹನ್ನೊಂದು ಮನೆ! ಹನ್ನೊಂದು ಸಲ! ಕಟ್ಟೆಯ ಮೇಲಿದ್ದ ಒಬ್ಬ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಯ್ಯ, ಇದನ್ನ ಕಲಸಾಕ ಬೆಟಗೇರಿಯಿಂದ ಬಂದಿ ಏನಪಾ?” ಎಂದಳು. ಹಾಗೆಂದರೂ ಎರಡು ಕೊಡ ನೀರು ಕೊಟ್ಟಳು. ಅದರಲ್ಲಿ ಒಂದನ್ನು ನಾನು ಮೋರಿ ದಾಟುವಾಗ ಎಡವಿ ನನ್ನ ಮೇಲೇ ಸುರಿದುಕೊಂಡೆ.

ಸಂಜೆ ಒಲೆಯ ಮೇಲೆ ಎಸರು ಕುದಿಯುವ ಸದ್ದು ಕೇಳಿದ ಮೇಲೆ ನನ್ನ ಜೀವ ಜಾಗಕ್ಕೆ ಬಂತು. ಟೆಂಪೊ ಹಾರ್ನ್ ಹೊಡೆಯುತ್ತಿತ್ತು. ನನ್ನ ಕೈಯೆಲ್ಲ ಮೋರಿಯ ಕೆಸರು. ರೇಣುಕಾ ಅರ್ಧ ಲೋಟ ನೀರು ತಂದು, ಒಂದು ಚೂರು ಸಾಬೂನು ಕೊಟ್ಟು, ಸಣ್ಣಗೆ ದಾರದ ಹಾಗೆ ಸುರಿದಳು. ಕೈ ಹೊಳೆಯಿತು. ಲೋಟದಲ್ಲಿ ಇನ್ನೂ ಎರಡು ಗುಟುಕು ಉಳಿದಿತ್ತು.

“ಹಿಂಗ ತೊಳ್ಕೊಬೇಕ್ರಿ ಸರ್ರ” ಎಂದಳು. ಟೆಂಪೊ ಹತ್ತಿ ಚಿತ್ರಪಟವನ್ನು ಸುರುಳಿ ಸುತ್ತಿ ಸೀಟಿನ ಕೆಳಗೆ ತಳ್ಳಿದೆ.

ಮನೆಗೆ ಬಂದರೆ ಡ್ರಮ್ಮು, ಹಂಡೆ, ಕೊಡ ಎಲ್ಲವೂ ತುಂಬಿ ನಿಂತಿದ್ದವು. ಕರುಣಾ ಸೊಂಟ ಹಿಡಿದುಕೊಂಡು ತಟ್ಟೆ ಇಟ್ಟಳು.

“ಕೈ ತೊಳ್ಕೊಂಡ ಬರ್ರಿ.”

“ಅರ್ಧ ಲೋಟ ನೀರ ಕೊಡು, ಸಾಕು. ಮುಂದಿನ ಸಲ ಡ್ರಮ್ಮು ನಾನ ತುಂಬಸ್ತೀನಿ” ಎಂದೆ.

ಅವಳು ತಟ್ಟೆ ಅಲ್ಲೇ ಬಿಟ್ಟು ಹತ್ತಿರ ಬಂದು, ಜ್ವರ ಬಂದಿದೆಯೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದಳು.